ಸಣ್ಣಬೀರಯ್ಯನ ಕಾರ್ಡು

ತೂಬಿನಕೊಪ್ಪಲು
ಕೃಷ್ಣರಾಜನಗರ ತಾಲ್ಲೂಕು
ಭಾನುವಾರ, 11 ಜನವರಿ 2004

ಗೆಳತಿ ಪ್ರಮೀಳಾ,

"ಹರಿದ ನೀರು ಮರೆಯುತ್ತದೆ, ದಡ ಮರೆಯುವುದಿಲ್ಲ." ಹೀಗೇ ಅಲ್ಲವೇ ನೀನು ಬರೆದದ್ದು? ಎಂ.ಎ. ಮೊದಲ ವರ್ಷ, ಹಾಸ್ಟೆಲಿನ ಕೈಬರಹದ ಪತ್ರಿಕೆಯಲ್ಲಿ, ಹಸಿರು ಶಾಯಿಯಲ್ಲಿ. ಅಥವಾ ಮರೆಯುವುದು ದಡ, ಮರೆಯದೆ ಇರುವುದು ನೀರು ಎಂದಿತ್ತೋ? ಬೆಳಗಿನಿಂದ ಎರಡನ್ನೂ ಹೇಳಿಕೊಂಡು ನೋಡುತ್ತಿದ್ದೇನೆ. ಆ ವಯಸ್ಸಿನಲ್ಲಿ ಯಾವ ಕಡೆಯಿಂದ ಹೇಳಿದರೂ ನಿಜವೆನಿಸುತ್ತಿತ್ತು. ಹದಿನಾಲ್ಕು ವರ್ಷ ಈ ಕಾಲುವೆಯ ಊರಿನಲ್ಲಿ ಪಾಠ ಮಾಡಿದ ಮೇಲೆ ಈಗ ಎರಡೂ ನಿಜವೆನಿಸುವುದಿಲ್ಲ. ದಡ ಕುಸಿದರೆ ಯಾರೋ ಬಂದು ಸಿಮೆಂಟು ಮೆತ್ತಿ ಹೋಗುತ್ತಾರೆ. ಅದಕ್ಕೇನು ನೆನಪಿರುತ್ತದೆ? ನೆನಪು ಇರುವುದು ಮನುಷ್ಯರಿಗೆ. ಅವರು ಸಾಯುತ್ತಾರೆ. ಅದಕ್ಕೇ ಅಲ್ಲವೇ ನಾನು ಕಾರ್ಡು ಬರೆಯಲು ಹೊರಟದ್ದು.

ಕ್ಷೇಮಸಮಾಚಾರ ಕೇಳುವುದಿಲ್ಲ, ಕೋಪ ಮಾಡಿಕೊಳ್ಳಬೇಡ. ಈ ಪತ್ರ ಬರೆಯುತ್ತಿರುವುದು ಒಂದೇ ಕಾರಣಕ್ಕೆ. ಸಣ್ಣಬೀರಯ್ಯನ ಕಾರ್ಡು ನಿನ್ನ ಹತ್ತಿರ ಇದೆ. ಅದು ಇಪ್ಪತ್ತಾರನೇ ತಾರೀಖಿನ ಒಳಗೆ ನನಗೆ ಬೇಕು. ಆ ದಿನ ಧ್ವಜ ಹಾರಿಸಿದ ಮೇಲೆ ನಮ್ಮ ಶಾಲೆಯ ಅಂಗಳದಲ್ಲೇ ಗ್ರಾಮಸಭೆ. ಈ ಬೇಸಿಗೆ ಬೆಳೆಗೆ ಕೆಳಗದ್ದೆಯವರಿಗೆ ನೀರಿನ ಸರದಿ ಉಂಟೋ ಇಲ್ಲವೋ ಎಂಬುದು ಅಲ್ಲಿ ತೀರ್ಮಾನವಾಗುತ್ತದೆ. ಮೂವತ್ತೇಳು ವರ್ಷ ತಪ್ಪದೆ ನಡೆದ ಸರದಿ. ಈ ವರ್ಷ ತಪ್ಪಿದರೆ ಅದಕ್ಕೆ ಕಾರಣ ನಿನ್ನ ಪುಸ್ತಕ. ನಿನ್ನ ಪುಸ್ತಕವೇನು, ಮೊದಲ ಪುಟದಲ್ಲಿ ನನ್ನ ಹೆಸರೂ ಇದೆಯಲ್ಲ.

ನಿನಗೆ ಗೊತ್ತಿರುವುದನ್ನೇ ಬರೆಯುತ್ತಿದ್ದೇನೆ ಅನ್ನಿಸಬಹುದು. ಇರಲಿ. ನೀನು ನಮ್ಮ ಊರನ್ನು ಮರೆತಂತೆ ಕಾಣುತ್ತದೆ, ಇನ್ನೊಂದು ಸಲ ತೋರಿಸುತ್ತೇನೆ.

ಚುಂಚನಕಟ್ಟೆಯಿಂದ ಬರುವ ಕಾಲುವೆ ನಮ್ಮೂರ ಬಳಿ ಒಂದು ಕವಲೊಡೆಯುತ್ತದೆ. ಕವಲಿನ ಮೊದಲ ಭಾಗದಲ್ಲಿ ಪಟೇಲರ ಮನೆತನದ ಗದ್ದೆಗಳು, ಕೊನೆಯಲ್ಲಿ ಮೂವತ್ತು ಮೂವತ್ತೈದು ಸಣ್ಣ ಒಕ್ಕಲುಗಳ ಗದ್ದೆಗಳು. ನಡುವೆ ಒಂದು ತೂಬು. ಅದನ್ನು ಮುಚ್ಚಿದರೆ ನೀರೆಲ್ಲ ಮೇಲ್ಗದ್ದೆಗೆ, ತೆರೆದರೆ ಕೆಳಗದ್ದೆಗೂ. ತೂಬಿನ ಕೀಲಿ ನೀರುಗಂಟಿಯ ಸೊಂಟದಲ್ಲಿ. ನೀರುಗಂಟಿಗೆ ಕಣದಲ್ಲಿ ಭತ್ತ ಅಳೆಯುತ್ತಿದ್ದವರು ಪಟೇಲರು. ನೀರು ಯಾರ ಮಾತು ಕೇಳುತ್ತಿತ್ತು ಎಂದು ಬೇರೆ ಹೇಳಬೇಕಿಲ್ಲ.

ಅರವತ್ತಾರನೇ ಇಸವಿಯ ಬೇಸಿಗೆಯಲ್ಲಿ ಕೆಳಗದ್ದೆಯ ಪೈರು ಕೆಂಪಾಯಿತು. ಗಂಡಸರು ಪಟೇಲರ ಜಗಲಿಗೆ ಹೋಗಿ ಕೈಕಟ್ಟಿ ನಿಂತು ಬಂದರು. ಏನೂ ಆಗಲಿಲ್ಲ. ಆಮೇಲೆ ಹನ್ನೊಂದು ಜನ ಹೆಂಗಸರು ಹೋಗಿ ತೂಬಿನ ಕಲ್ಲಿನ ಮೇಲೆ, ಕಾಲುವೆಯ ಒಳಗೆ, ಎಲ್ಲೆಂದರಲ್ಲಿ ಕುಳಿತುಬಿಟ್ಟರು. ಎರಡು ದಿನ. ಅವರಲ್ಲಿ ಎಲ್ಲರಿಗಿಂತ ಚಿಕ್ಕವಳು ತಿಮ್ಮಮ್ಮ, ಆಗ ಇಪ್ಪತ್ತು ವರ್ಷವಿದ್ದೀತು. ಎರಡನೇ ದಿನ ಮಧ್ಯಾಹ್ನ ತೂಬು ತೆರೆಯಿತು. ಮಾರನೇ ದಿನ ಕಾಲುವೆಯ ಇಂಜಿನಿಯರು ಜೀಪಿನಲ್ಲಿ ಬಂದು, ವಾರಕ್ಕೆ ನಾಲ್ಕು ದಿನ ಮೇಲೆ, ಮೂರು ದಿನ ಕೆಳಗೆ ಎಂದು ಬಾಯಿಮಾತಿನಲ್ಲಿ ಹೇಳಿ ಹೋದರು. ಎಲ್ಲೂ ಬರೆದಿಡಲಿಲ್ಲ. ಊರೇ ನೆನಪಿಟ್ಟುಕೊಂಡು ನಡೆಸಿಕೊಂಡು ಬಂತು.

ಇದನ್ನು ನನಗೆ ಯಾವ ಪುಸ್ತಕವೂ ಹೇಳಲಿಲ್ಲ. ಒಂಬತ್ತನೇ ತರಗತಿಗೆ ಹಕ್ಕು ಮತ್ತು ಕರ್ತವ್ಯ ಪಾಠ ಮಾಡುತ್ತಿದ್ದಾಗ ಒಬ್ಬ ಹುಡುಗಿ ಎದ್ದು ನಿಂತು, ಹಕ್ಕು ಅಂದರೆ ನಮ್ಮಜ್ಜಿ ತೂಬಿನ ಮೇಲೆ ಕೂತಿದ್ದಾ ಮಿಸ್, ಎಂದು ಕೇಳಿದಳು. ಪಠ್ಯಪುಸ್ತಕದಲ್ಲಿ ಅದಕ್ಕೆ ಉತ್ತರವಿರಲಿಲ್ಲ. ಮಕ್ಕಳನ್ನೇ ಮನೆಮನೆಗೆ ಕಳಿಸಿದೆ. ಕೇಳಿಕೊಂಡು ಬಂದದ್ದನ್ನು ಅಂಚೆಕಾರ್ಡಿನ ಅಳತೆಯ ರಟ್ಟಿನ ಮೇಲೆ ಬರೆಯಿಸಿದೆ. ಒಂದು ಕಟ್ಟುನಿಟ್ಟು ಮಾಡಿದ್ದೆ. ಬರೆದದ್ದನ್ನು ಹೇಳಿದವರ ಮುಂದೆ ಕುಳಿತು ಓದಬೇಕು. ಅವರು ಸರಿ ಎಂದರೆ ಶಾಲೆಯ ಶಾಯಿಪ್ಯಾಡಿನಲ್ಲಿ ಹೆಬ್ಬೆಟ್ಟು ಒತ್ತಿಸಬೇಕು, ಓದು ಬಂದವರಿಂದ ಸಹಿ. ಒತ್ತಿದ ಮೇಲೆ ನಾನಾಗಲಿ ಮಕ್ಕಳಾಗಲಿ ಒಂದಕ್ಷರ ಮುಟ್ಟುವಂತಿಲ್ಲ. ಹಾಗೆ ಒಂದು ಬಿಸ್ಕತ್ತಿನ ಡಬ್ಬ ತುಂಬಿತು. ಅದೇ ನಮ್ಮ ತರಗತಿಯ ಚರಿತ್ರೆ ಪುಸ್ತಕ, ಅದೇ ಪೌರನೀತಿ ಪುಸ್ತಕ.

ಆಮೇಲೆ ನೀನು ಬಂದೆ. 2002ರ ಫೆಬ್ರವರಿ. ಆಗಷ್ಟೇ ಮೈಸೂರಿನ ನಿಮ್ಮ ಕೇಂದ್ರದಲ್ಲಿ ಶಿಕ್ಷಕರ ಕೈಪಿಡಿ ಮಾಡುವ ಸಮಿತಿಯ ಹೊಣೆ ನಿನಗೆ ಬಂದಿತ್ತು. ನೀಲಾ, ನೀನು ಮಾಡುತ್ತಿರುವುದನ್ನು ಜಿಲ್ಲೆಯೇ ನೋಡಬೇಕು ಎಂದು ಫೋನಿನಲ್ಲಿ ಕೂಗಿದ್ದೆ. ನಿನ್ನ ಅಷ್ಟು ಸಂತೋಷದ ದನಿಯನ್ನು ಎಷ್ಟೋ ವರ್ಷದ ಮೇಲೆ ಕೇಳಿದ್ದೆ.

ಆ ದಿನ ನಾವು ಲೋಟದ ಆಟ ಆಡಿಸಿದೆವು. ಹನ್ನೆರಡು ಮಕ್ಕಳು ಸಾಲಾಗಿ ನಿಂತರು, ಕೈಯಲ್ಲಿ ಒಂದೊಂದು ಲೋಟ. ಮೊದಲನೆಯವನ ಕೈಗೆ ನೀರಿನ ಚೊಂಬು. ಅವನು ತನಗೆ ಬೇಕಾದಷ್ಟು ಬಗ್ಗಿಸಿಕೊಂಡು ಮುಂದಕ್ಕೆ ದಾಟಿಸಬೇಕು. ಒಂಬತ್ತನೆಯವನ ಹತ್ತಿರವೇ ಚೊಂಬು ಖಾಲಿಯಾಯಿತು. ಸಾಲಿನ ಕೊನೆಯಲ್ಲಿ ಲೋಟ ಹಿಡಿದು ನೀನು ನಿಂತಿದ್ದೆ, ಮಕ್ಕಳು ನಿನ್ನನ್ನು ಬೇಕೆಂದೇ ಅಲ್ಲಿ ನಿಲ್ಲಿಸಿದ್ದರು. ನಿನ್ನ ಪಕ್ಕದಲ್ಲಿದ್ದವಳು ತಿಮ್ಮಮ್ಮನ ಮೊಮ್ಮಗಳು ಬೃಂದಾ. "ಸುಮ್ನೆ ನಿಂತ್ರೆ ಆಯ್ತದಾ ಮಿಸ್, ಬನ್ನಿ" ಎಂದು ನಿನ್ನ ಕೈ ಹಿಡಿದು ಎಳೆದುಕೊಂಡು ಹೋಗಿ ಮೊದಲನೆಯವನ ಚೊಂಬಿಗೇ ಕೈ ಹಾಕಿದಳು. ತರಗತಿಯೆಲ್ಲ ನಗು. ನಿನ್ನ ಸೀರೆಯ ನೆರಿಗೆ ಒದ್ದೆಯಾಯಿತು. ಆಮೇಲೆ ಮಕ್ಕಳು ಕುಳಿತು ಗುದ್ದಾಡಿ ಒಬ್ಬೊಬ್ಬರಿಗೆ ಎಷ್ಟು ಎಂದು ನಿಯಮ ಮಾಡಿದರು. ಸಂವಿಧಾನ ಅಂದರೆ ಇದೇ ಕಣೆ ಎಂದು ನೀನು ನನ್ನ ಕಿವಿಯಲ್ಲಿ ಹೇಳಿದೆ. ನಿನ್ನ ಕಣ್ಣು ತುಂಬಿತ್ತು. ಅದು ನಟನೆಯಲ್ಲ ಎಂದು ಇವತ್ತಿಗೂ ನಂಬಿದ್ದೇನೆ. ನಟನೆಯಾಗಿದ್ದರೆ ಇಷ್ಟು ನೋಯುತ್ತಿರಲಿಲ್ಲ.

ಮಧ್ಯಾಹ್ನ ಸಣ್ಣಬೀರಯ್ಯನ ಮನೆಗೆ ಹೋದೆವು. ಅರವತ್ತಾರರಲ್ಲಿ ನೀರುಗಂಟಿಯಾಗಿದ್ದವನು ಅವನೇ. ಎಂಬತ್ತು ದಾಟಿತ್ತು, ಕಣ್ಣು ಮಂಜಾಗಿತ್ತು. ಅವನ ಕಾರ್ಡನ್ನು ನಿನ್ನ ಎದುರಿಗೇ ಓದಿದೆ. ಅವನು ಒಪ್ಪಲಿಲ್ಲ, ನೆನಪಿದೆಯೇ? "ಸಣ್ಣಬೀರಯ್ಯ ಧೈರ್ಯ ಮಾಡಿ ಕೀಲಿ ಕೊಟ್ಟ" ಎಂದು ಮಕ್ಕಳು ಬರೆದಿದ್ದರು.

"ಧೈರ್ಯ ಎಲ್ಲೀದು ಕಣವ್ವ? ಎದ್ರಿ ಸಾಯ್ತಿದ್ದೆ. ಪಟೇಲ್ರು ಕೀಲಿ ಕೊಟ್ಟೀಯಾ ಜೋಕೆ ಅಂದಿದ್ರು. ಈ ಎಣ್ಮಕ್ಳು ನೋಡುದ್ರೆ ಬಿಸ್ಲಲ್ಲಿ ಕುಂತವ್ರೆ, ಒಬ್ಳು ಬಸ್ರಿ ಬ್ಯಾರೆ. ನಾನು ಕೀಲಿ ತಗ್ದು ಕಲ್ಲ ಮ್ಯಾಲ್ ಮಡಗ್ದೆ, ಬೆನ್ ತಿರುಗುಸ್ಕೊಂಡು ಆಲದ ಮರದ್ ತಾವ ಓಗಿ ನಿಂತ್ಕೊಂಡೆ. ಯಾರು ಎತ್ಕೊಂಡ್ರೋ ನಾ ನೋಡ್ನಿಲ್ಲ. ಅಂಗೇ ಬರೀರಿ. ಎದ್ರಿದ್ದೆ ಅಂತ್ಲೂ ಬರೀರಿ."

ಹಾಗೇ ತಿದ್ದಿ, ಮತ್ತೆ ಓದಿ, ಹೆಬ್ಬೆಟ್ಟು ಒತ್ತಿಸಿದೆ. ಪ್ಯಾಡನ್ನು ಅವನ ಮುಂದೆ ಹಿಡಿದಿದ್ದವಳು ನೀನು. ಅವನ ಹೆಬ್ಬೆರಳನ್ನು ನಿನ್ನ ಸೆರಗಿನ ತುದಿಯಿಂದ ಒರೆಸಿದವಳೂ ನೀನೇ. ಸಂಜೆ ನೀನು ಡಬ್ಬವನ್ನು ಜೆರಾಕ್ಸ್ ಮಾಡಿಸಿ ವಾರದಲ್ಲಿ ಹಿಂದಿರುಗಿಸುತ್ತೇನೆ ಎಂದು ತೆಗೆದುಕೊಂಡು ಬಸ್ಸು ಹತ್ತಿದೆ. ಆಗಸ್ಟಿನಲ್ಲಿ ಸಣ್ಣಬೀರಯ್ಯ ತೀರಿಕೊಂಡ. ನಿನಗೆ ಕಾಗದ ಬರೆದಿದ್ದೆ. ನೀನು ಉತ್ತರಿಸಿದ್ದು ಬೇರೆ ಯಾವುದೋ ವಿಷಯಕ್ಕೆ.

ಕಳೆದ ಜೂನ್‌ನಲ್ಲಿ ಪುಸ್ತಕ ಬಂತು. ಚೆನ್ನಾದ ಕಾಗದ, ಬಣ್ಣದ ರಕ್ಷಾಪುಟ, ತರಗತಿಗೆ ಇಪ್ಪತ್ತು ಪ್ರತಿ. ಮೂವತ್ತೊಂದನೇ ಪುಟದಲ್ಲಿ ನಮ್ಮ ತೂಬು. ಪಾಠದ ಹೆಸರು "ಉದಾರ ಹೃದಯ". ನೀನೇ ತಿದ್ದಿದ ವಾಕ್ಯ, ಆದರೂ ಬರೆಯುತ್ತೇನೆ: "ಕಣ್ಣೀರಿಡುತ್ತಿದ್ದ ಹೆಂಗಸರನ್ನು ಕಂಡು ಮನಕರಗಿದ ಪಟೇಲರು ತಮ್ಮ ಕೈಯಾರೆ ತೂಬು ತೆರೆದು ಕೆಳಗದ್ದೆಗೆ ನೀರು ದಯಪಾಲಿಸಿದರು." ಅದರ ಕೆಳಗೆ ಲೋಟದ ಆಟ. ನಿನ್ನ ಆಟದಲ್ಲಿ ಚೊಂಬು ಹಿಡಿದ ಮೊದಲನೆಯ ಮಗು ಪ್ರೀತಿಯಿಂದ ಎಲ್ಲರಿಗೂ ಹಂಚುತ್ತದೆ, ಮಿಕ್ಕ ಮಕ್ಕಳು ಚಪ್ಪಾಳೆ ತಟ್ಟುತ್ತಾರೆ. ಬೃಂದಾ ಎಲ್ಲಿ ಹೋದಳು, ಪ್ರಮೀಳಾ? ನಿನ್ನ ಕೈ ಹಿಡಿದು ಎಳೆದವಳು?

ಅವಳು ಎಲ್ಲಿಗೂ ಹೋಗಿರಲಿಲ್ಲ. ಮನೆಯಲ್ಲಿ ಕುಳಿತು ಆ ಪಾಠವನ್ನು ಜೋರಾಗಿ ಓದಿದಳು, ಒಲೆಯ ಮುಂದಿದ್ದ ತಿಮ್ಮಮ್ಮ ಕೇಳಿಸಿಕೊಂಡಳು. ಮಾರನೇ ದಿನ ಬೆಳಗ್ಗೆ ತರಗತಿಯ ಬಾಗಿಲಿಗೇ ಬಂದು ನಿಂತಳು. ತಲೆಯ ಮೇಲೆ ಹಸಿಹುಲ್ಲಿನ ಹೊರೆ, ಅದನ್ನೂ ಇಳಿಸಿರಲಿಲ್ಲ.

"ಮೇಡಮ್ಮೋರೇ, ನಾವ್ ಅತ್ತಿದ್ದು ಯಾವಾಗ? ಅಳೋಕೆ ಓಗಿದ್ವಾ ನಾವು? ಬೈದಿದ್ದು ಕಣ್ರೀ! ಪಟೇಲ್ರ ಏಳು ತಲೆಮಾರು ಎತ್ಕೊಂಡು ಬೈದಿದ್ದು. ಅದುನ್ನ ಬರೀಬ್ಯಾಡಿ ಅಂತ ನಾನೇ ಅಂದಿದ್ದೆ, ಸರಿ. ಅದ್ಕೆ ಅತ್ರು ಅಂತ ಬರ್ದುಬುಡೋದಾ?"

ಮಕ್ಕಳು ನಕ್ಕರು. ನನಗೂ ನಗು ಬಂತು, ಆಮೇಲೆ ನಿಂತಿತು, ಯಾಕೆಂದರೆ ಅವಳು ನಗುತ್ತಿರಲಿಲ್ಲ. "ನೀವು ಓದಿ ಏಳುದ್ರಿ, ನಾನು ಎಬ್ಬೆಟ್ಟು ಒತ್ತುದೆ. ಒತ್ತಿದ್ ಮ್ಯಾಲೆ ಯಾರೂ ಮುಟ್ಟಾಂಗಿಲ್ಲ ಅಂದ್ರಿ. ಯಾರು ಮುಟ್ಟುದ್ರು?"

ಮೈಸೂರಿನವರು ತಿದ್ದಿದ್ದಾರೆ ತಿಮ್ಮಮ್ಮ, ನನ್ನನ್ನು ಯಾರೂ ಕೇಳಲಿಲ್ಲ ಎಂದೆ. ಅವಳು ತಲೆಯ ಮೇಲಿನ ಹೊರೆ ಸರಿಮಾಡಿಕೊಂಡಳು. "ಆಗ್ಲಿ ಬುಡಿ" ಎಂದು ಹೊರಟುಹೋದಳು.

ಆ ವಾರವೇ ವಿರೂಪಾಕ್ಷ ಬಂದರು. ಪಟೇಲರ ಮೊಮ್ಮಗ, ಈಗ ಪಂಚಾಯ್ತಿ ಸದಸ್ಯರು. ಕೆಟ್ಟ ಮನುಷ್ಯರಲ್ಲ. ಶಾಲೆಗೆ ಬೆಂಚು ಕೊಡಿಸಿದ್ದಾರೆ, ಹೆಣ್ಣುಮಕ್ಕಳಿಗೆ ಶೌಚಾಲಯ ಕಟ್ಟಿಸಲು ಓಡಾಡಿದ್ದಾರೆ. ಒಂದು ಗೊನೆ ರಸಬಾಳೆ ತಂದು ಮೇಜಿನ ಮೇಲಿಟ್ಟು ಕೈಮುಗಿದರು. "ನಮ್ಮಜ್ಜನ ಎಸ್ರು ಅಚ್ಚಾಯ್ತು ಮೇಡಂ, ನಿಮ್ಮಿಂದ. ನಮ್ಮಪ್ಪ ಬದುಕಿದ್ರೆ ಕುಣಿದಾಡ್ತಿದ್ರು" ಎಂದರು. ಹಣ್ಣನ್ನು ಮಕ್ಕಳಿಗೆ ಹಂಚಿದೆ. ಬೇಡ ಎಂದು ಹಿಂದಕ್ಕೆ ಕಳಿಸುವ ಧೈರ್ಯ ನನಗಿರಲಿಲ್ಲ.

ಈ ಸಲ ಮಳೆ ಕೈಕೊಟ್ಟದ್ದು ನಿನಗೂ ಗೊತ್ತು. ಕಟ್ಟೆಯಲ್ಲಿ ನೀರು ಕಡಿಮೆ. ನವೆಂಬರಿನಲ್ಲಿ ಮೇಲ್ಗದ್ದೆಯವರು ಸೇರಿ, ಈ ಬೇಸಿಗೆಗೆ ಕೆಳಗೆ ನೀರು ಬಿಡಲಾಗದು ಎಂದರು. ಕೆಳಗದ್ದೆಯವರು ಸರದಿಯ ಮಾತೆತ್ತಿದರು. ಆಗ ವಿರೂಪಾಕ್ಷ ಪುಸ್ತಕ ಬಿಚ್ಚಿ ಮೂವತ್ತೊಂದನೇ ಪುಟ ಓದಿದರಂತೆ. "ಸರದಿ ಅಂತ ಯಾರು ಕೊಟ್ಟಿದ್ರು? ನಮ್ಮಜ್ಜ ಮನಸ್ಸು ಕರಗಿ ಕೊಟ್ಟಿದ್ದು. ಇದ್ದಾಗ ಕೊಟ್ರು. ಈಗ ನಮಗೇ ಇಲ್ಲ, ಎಲ್ಲಿಂದ ಕೊಡಾನ? ನೀವೇ ಓದ್ಕೊಳಿ, ನಿಮ್ಮ ಮೇಡಮ್ಮೋರೇ ಬರ್ದವ್ರೆ" ಅಂದರಂತೆ.

ನೋಡಿದೆಯಾ? ನೀನು ಹೊಗಳಿಕೆ ಎಂದುಕೊಂಡು ಒಂದು ವಾಕ್ಯ ಬರೆದೆ. ಹಕ್ಕನ್ನು ದಾನ ಎಂದು ಬರೆದೆ. ದಾನ ಕೊಟ್ಟವರು ಈ ವರ್ಷ ಕೈ ಹಿಂದಕ್ಕೆ ತೆಗೆದುಕೊಂಡರು. ಅವರನ್ನು ಯಾರು ಕೇಳಲು ಸಾಧ್ಯ? ಭತ್ತದ ಸಸಿಗೆ ಒಟ್ಟಲು ಹಾಕುವ ದಿನ ಹತ್ತಿರ ಬಂತು, ಬೀಜದ ಭತ್ತ ನೆನೆಹಾಕಬೇಕೋ ಬೇಡವೋ ಎಂದು ಕೆಳಗದ್ದೆಯ ಹೆಂಗಸರು ನನ್ನ ಮನೆಯ ಮುಂದೆ ಹಾದುಹೋಗುವಾಗ ಮಾತಾಡಿಕೊಳ್ಳುತ್ತಾರೆ. ನನ್ನನ್ನು ಕಂಡರೆ ಮಾತು ಬದಲಾಯಿಸುತ್ತಾರೆ.

ತಿಮ್ಮಮ್ಮ ಗ್ರಾಮಸಭೆಯಲ್ಲಿ ಮಾತಾಡುತ್ತಾಳೆ, ಅದರಲ್ಲಿ ಅನುಮಾನವಿಲ್ಲ. ಆದರೆ ಆ ಹನ್ನೊಂದು ಜನರಲ್ಲಿ ಉಳಿದಿರುವವಳು ಅವಳೊಬ್ಬಳೇ. ವಿರೂಪಾಕ್ಷ ಈಗಲೇ ಹೇಳುತ್ತಿದ್ದಾರೆ: "ಅವಳು ಕೆಳಗದ್ದೆಯೋಳು, ಅವಳ ಬಾಯಲ್ಲಿ ಇನ್ನೇನ್ ಬತ್ತದೆ? ನಮ್ಮ ಸಣ್ಣಬೀರಯ್ಯ ಇದ್ದಿದ್ರೆ ನಿಜ ಏಳ್ತಿದ್ದ. ನಮ್ಮನೆ ಅನ್ನ ತಿಂದೋನು." ಅವನು ಹೇಳಿದ್ದಾನೆ ಎಂದು ಅವರಿಗೆ ಗೊತ್ತಿಲ್ಲ. ಅವರ ಮನೆಯ ಅನ್ನ ತಿಂದವನೇ ಹೇಳಿ, ಕೇಳಿ, ಒಪ್ಪಿ ಒತ್ತಿದ ಹೆಬ್ಬೆಟ್ಟು ನಿನ್ನ ಕಛೇರಿಯ ಯಾವುದೋ ಬೀರುವಿನಲ್ಲಿದೆ. ವಿರೂಪಾಕ್ಷರಿಗೆ ನಾನು ತೋರಿಸಬೇಕಾದದ್ದು ಅದನ್ನೇ. ಅವರು ಅದನ್ನು ನೋಡಿಯೂ ಇಲ್ಲವೆನ್ನುವ ಮನುಷ್ಯರಲ್ಲ ಎಂಬ ನಂಬಿಕೆ ನನಗಿದೆ.

ಡಿಸೆಂಬರಿನಲ್ಲಿ ಇದಕ್ಕೇ ಮೈಸೂರಿಗೆ ಬಂದಿದ್ದೆ. ನೀನು ಎದ್ದು ಬಂದು ಅಪ್ಪಿಕೊಂಡೆ. ಕಾಫಿ ತರಿಸಿದೆ, ನನಗೆ ಸಕ್ಕರೆ ಕಡಿಮೆ ಎಂದು ನೆನಪಿಟ್ಟುಕೊಂಡು ಹೇಳಿದೆ. ಅದಕ್ಕೇ ಮೊದಲ ಅರ್ಧ ಗಂಟೆ ನಾನು ಬೇರೆ ಮಾತೇ ಆಡಿದೆ. ಕೊನೆಗೆ ಪಾಠದ ಮಾತೆತ್ತಿದಾಗ ನೀನು ನಕ್ಕೆ. ಮಕ್ಕಳಿಗೆ ಜಗಳ ಕಲಿಸುವುದಕ್ಕಾಗುತ್ತದೆಯೇ ನೀಲಾ, ನಮ್ಮ ಪುಸ್ತಕದ ಹೆಸರಿನಲ್ಲೇ ಮೌಲ್ಯ ಎಂಬ ಮಾತಿದೆ ಎಂದೆ. ಸಮಿತಿಯ ಹಿರಿಯರೊಬ್ಬರು, ಊರಿನ ಗಣ್ಯರನ್ನು ಕೆಟ್ಟದಾಗಿ ತೋರಿಸಬಾರದು ಎಂದರಂತೆ. ಒಂದು ಪಾಠಕ್ಕಾಗಿ ಇಡೀ ಪುಸ್ತಕ ನಿಲ್ಲುತ್ತಿತ್ತಂತೆ. ಆ ಪುಟವನ್ನೇ ತೆಗೆದುಬಿಡಬಹುದಿತ್ತಲ್ಲ ಎಂದು ನಾನು ಕೇಳಿದೆ. ತೆಗೆದರೆ ನಿನ್ನ ಕೆಲಸ ಹೊರಬರುತ್ತಿರಲಿಲ್ಲವಲ್ಲ ಎಂದೆ ನೀನು. ನನ್ನ ಒಳ್ಳೆಯದಕ್ಕೆ ಮಾಡಿದ್ದು ಎಂದಾಯಿತು! ಕಾರ್ಡುಗಳು ಎಲ್ಲಿ ಎಂದು ಕೇಳಿದ್ದಕ್ಕೆ, ಕಛೇರಿ ಬದಲಾಯಿಸಿದಾಗ ಎಲ್ಲೋ ಸೇರಿವೆ, ಹುಡುಕಿಸುತ್ತೇನೆ ಎಂದೆ. ಆಮೇಲೆ ನೀನು ಲೋಟ ಕೆಳಗಿಟ್ಟು ಇನ್ನೊಂದು ಮಾತು ಆಡಿದೆ. ಅದನ್ನು ಇಲ್ಲಿ ಬರೆಯಲಾರೆ. ಅದನ್ನು ಕೇಳಿ ನಾನು ಎದ್ದು ಬಂದೆ.

ಬಸ್ಸಿನಲ್ಲಿ ಕೆ.ಆರ್. ನಗರದವರೆಗೂ ಒಂದೇ ಯೋಚನೆ. ನಾವಿಬ್ಬರೂ ಒಂದೇ ಕೋಣೆಯಲ್ಲಿದ್ದೆವು. ಒಂದೇ ಪುಸ್ತಕದಿಂದ ಕವಿತೆ ಓದಿಕೊಳ್ಳುತ್ತಿದ್ದೆವು. ನಿನಗೆ ಇಷ್ಟವಾದ ಸಾಲಿಗೆ ನೀನು ಪೆನ್ಸಿಲಿನಲ್ಲಿ ಗೀಟು ಹಾಕುತ್ತಿದ್ದೆ, ನಾನು ಹಾಕುತ್ತಿರಲಿಲ್ಲ, ಬರೆದವರದ್ದನ್ನು ಮುಟ್ಟಬಾರದು ಎನ್ನುತ್ತಿದ್ದೆ. ನೀನು ನನ್ನನ್ನು ಮಡಿಯಮ್ಮ ಎಂದು ಆಡಿಕೊಳ್ಳುತ್ತಿದ್ದೆ. ನಿಮ್ಮ ಅಮ್ಮ ತೀರಿಕೊಂಡಾಗ ನೀನು ಹದಿಮೂರು ದಿನವೂ ನನ್ನ ಕೈ ಬಿಟ್ಟಿರಲಿಲ್ಲ. ಅಂಥವಳು ಒಬ್ಬ ಮುದುಕನ ಹೆಬ್ಬೆರಳನ್ನು ಸೆರಗಿನಿಂದ ಒರೆಸಿ, ಮನೆಗೆ ಹೋಗಿ ಅವನ ಮಾತನ್ನೂ ಒರೆಸಿಹಾಕುತ್ತಾಳೆಂದು ನಾನು ಹೇಗೆ ಊಹಿಸಲಿ? ಅವನು ಹೊಗಳಿಕೆಯನ್ನೇ ಬೇಡವೆಂದವನು. ಹೆದರಿದ್ದೆ ಎಂದು ಬರೆಯಿರಿ ಎಂದವನು. ಅಷ್ಟು ಪ್ರಾಮಾಣಿಕವಾದ ವಾಕ್ಯವನ್ನು ನಾನು ಯಾವ ಚರಿತ್ರೆಕಾರರಲ್ಲೂ ಓದಿಲ್ಲ. ಅದನ್ನು ಅಳಿಸಿ ನೀನು "ದಯಪಾಲಿಸಿದರು" ಎಂದು ಬರೆದೆ.

ಈಗ ನನಗೆ ಬೇಕಾದದ್ದು ಇಷ್ಟೇ. ಕ್ಷಮೆ ಬೇಡ, ವಿವರಣೆ ಬೇಡ. ಬೀರು ತೆಗೆಸು. ಆ ಡಬ್ಬದ ಮುಚ್ಚಳದ ಮೇಲೆ ಮಕ್ಕಳು ನೀಲಿ ಬಣ್ಣದಲ್ಲಿ ಕಾಲುವೆ ಬರೆದಿದ್ದಾರೆ, ದೂರದಿಂದಲೇ ಕಾಣುತ್ತದೆ. ಎಲ್ಲ ಕಾರ್ಡೂ ಸಿಕ್ಕದಿದ್ದರೆ ಸಣ್ಣಬೀರಯ್ಯನದೊಂದನ್ನು ಕಳಿಸು. ರಿಜಿಸ್ಟರ್ ಅಂಚೆಯಲ್ಲಿ ಹಾಕು, ಸಂಕ್ರಾಂತಿ ರಜೆಯಲ್ಲಿ ತಡವಾಗುವುದಾದರೆ ನಮ್ಮೂರಿಗೆ ಬರುವ ಬಸ್ಸಿನ ಕಂಡಕ್ಟರ ಕೈಗೆ ಕೊಟ್ಟರೂ ಸಾಕು, ಶಾಲೆಯ ಹೆಸರು ಹೇಳಿದರೆ ತಂದುಕೊಡುತ್ತಾರೆ. ಆ ದಿನ ನಾನು ಎಲ್ಲರ ಮುಂದೆ ಅದನ್ನು ಓದುತ್ತೇನೆ. ಮೂವತ್ತೊಂದನೇ ಪುಟ ಸುಳ್ಳು ಎಂದೂ ಹೇಳುತ್ತೇನೆ. ಕಾರ್ಡು ಬರದಿದ್ದರೂ ಹೇಳುತ್ತೇನೆ. ಆದರೆ ಬರಿಗೈಯಲ್ಲಿ ನಿಂತು ಹೇಳಿದ ಮಾತು ಎಷ್ಟು ದೂರ ಹೋಗುತ್ತದೆ ಎಂಬುದು ನಿನಗೂ ಗೊತ್ತು, ನನಗೂ ಗೊತ್ತು.

ಒಂದು ಕಾಲದಲ್ಲಿ ನಿನ್ನ ಕೋಣೆಯವಳಾಗಿದ್ದ,
ನೀಲಾಂಬಿಕೆ

ಮತ್ತೆ ಬರೆದದ್ದು: ಮೇಲಿನದನ್ನು ಬರೆದು ಮಡಚಿಟ್ಟು ಅಡುಗೆ ಮಾಡಿದೆ, ಉಂಡೆ. ಲಕೋಟೆಗೆ ಅಂಟು ಹಚ್ಚಲು ಹೋದರೆ ಕೈ ಬರಲಿಲ್ಲ. ನಿನ್ನ ಮೇಲೆ ಇಷ್ಟೆಲ್ಲ ಬರೆದು ಒಂದನ್ನು ಬಿಟ್ಟಿದ್ದೇನೆ.

ಡಿಸೆಂಬರಿನಲ್ಲಿ ನೀನು ಲೋಟ ಕೆಳಗಿಟ್ಟು ಆಡಿದ ಮಾತು: "ಕರಡು ನಿನಗೆ ಕಳಿಸಿದ್ದೆ ನೀಲಾ. ನೀನು ಸಹಿ ಹಾಕಿದ್ದೀಯ."

ಹಾಕಿದ್ದೇನೆ. ಕಳೆದ ಏಪ್ರಿಲ್‌ನಲ್ಲಿ ಬಂತು. ಪರೀಕ್ಷೆಯ ಪೇಪರುಗಳ ನಡುವೆ ಓದಲಾಗಲಿಲ್ಲ ಎಂದು ನನಗೆ ನಾನೇ ಹೇಳಿಕೊಂಡು ಬಂದಿದ್ದೇನೆ. ಓದಿದ್ದೆ. ಮೂವತ್ತೊಂದನೇ ಪುಟವನ್ನು ಅಡುಗೆಮನೆಯಲ್ಲಿ ನಿಂತು ಎರಡು ಸಲ ಓದಿದೆ. ಹಾಲು ಉಕ್ಕಿತು. ಒಲೆ ಆರಿಸಿ ಬಂದು ಮೊದಲ ಪುಟಕ್ಕೆ ತಿರುಗಿಸಿದೆ. ಅಲ್ಲಿ "ಸಂಗ್ರಹ: ಶ್ರೀಮತಿ ನೀಲಾಂಬಿಕೆ, ಎಂ.ಎ." ಎಂದಿತ್ತು. ಬರೆದ ಕವಿತೆಗಳನ್ನೆಲ್ಲ ಟ್ರಂಕಿನ ತಳಕ್ಕೆ ಹಾಕಿಟ್ಟವಳು ನಾನು. ನನ್ನ ಹೆಸರು ಅಚ್ಚಿನಲ್ಲಿ ಹೇಗೆ ಕಾಣುತ್ತದೆಂದು ನಲವತ್ತೇಳು ವರ್ಷಕ್ಕೆ ಮೊದಲ ಸಲ ನೋಡಿದೆ. ಪ್ರಮೀಳಾಗೆ ಏನೋ ಕಾರಣವಿರುತ್ತದೆ ಎಂದುಕೊಂಡೆ. ಒಪ್ಪಿಗೆ ಚೀಟಿಗೆ ಸಹಿ ಹಾಕಿ, ಹೆಡ್‌ಮೇಷ್ಟರ ಮೊಹರು ಒತ್ತಿಸಿ, ನಕಲನ್ನು ಫೈಲಿಗೆ ಸೇರಿಸಿ, ಅಟೆಂಡರ್ ಸಿದ್ದಯ್ಯನ ಕೈಯಲ್ಲಿ ಅಂಚೆಗೆ ಕಳಿಸಿದೆ. ತಿಮ್ಮಮ್ಮ ಹೊರೆ ಹೊತ್ತು ಬಾಗಿಲಲ್ಲಿ ನಿಂತು ಯಾರು ಮುಟ್ಟಿದ್ದು ಎಂದಾಗ, ನನ್ನನ್ನು ಯಾರೂ ಕೇಳಲಿಲ್ಲ ಎಂದು ಮೂವತ್ತೆಂಟು ಮಕ್ಕಳ ಮುಂದೆ ಹೇಳಿದೆ. ಪೌರನೀತಿಯ ಟೀಚರು.

ಆ ಒಪ್ಪಿಗೆ ಚೀಟಿಯನ್ನೂ ಕಾರ್ಡಿನ ಜೊತೆಗೇ ಕಳಿಸು. ಎರಡನ್ನೂ ಓದುತ್ತೇನೆ.

ಮೇಲಿನ ಸಾಲು ಬರೆಯುತ್ತಿದ್ದಾಗ ಪಕ್ಕದ ಮನೆಯ ಪ್ರೇಮಮ್ಮ ಹೆಪ್ಪಿಗೆ ಮಜ್ಜಿಗೆ ಕೇಳಿಕೊಂಡು ಬಂದರು. ಯಾರಿಗೆ ಇಷ್ಟುದ್ದ ಕಾಗದ ಎಂದರು. ಯಾರಿಗಾದರೂ ಮೊದಲು ಹೇಳಿಬಿಡಬೇಕು ಎನ್ನಿಸಿ ಎಲ್ಲವನ್ನೂ ಹೇಳಿದೆ, ಸಹಿಯ ವಿಷಯವನ್ನೂ. ಅವರು ಬಟ್ಟಲು ಹಿಡಿದುಕೊಂಡು ಹೊಸ್ತಿಲ ಆಚೆಯೇ ನಿಂತಿದ್ದರು. ಮುಖದಲ್ಲಿ ಆಶ್ಚರ್ಯವೇನೂ ಕಾಣಲಿಲ್ಲ.

"ಗೊತ್ತು ಬುಡಿ ಮೇಡಮ್ಮೋರೇ. ನೀವು ಮೈಸೂರೋರು ತಿದ್ದುದ್ರು ಅಂದ್ರಲ್ಲ, ಅವತ್ತು ಸಂಜೆನೇ ಸಿದ್ದಯ್ಯ ಫೈಲ್ ನೋಡ್ಬುಟ್ಟು ತಿಮ್ಮಮ್ಮಂಗೆ ಏಳ್ದ. ಊರಿಗೆಲ್ಲ ಗೊತ್ತು. ಅವಳೇ ನಮ್ ಬಾಯಿ ಮುಚ್ಚುಸಿದ್ಲು, ಯಾರೂ ಕೇಳ್ಕೂಡ್ದು, ಅವ್ರಾಗೇ ಬಂದು ಏಳ್ತಾರೆ ಅಂತ. ಆರು ತಿಂಗ್ಳಾಯ್ತು. ಮೊನ್ನೆ ಕೇಳುದ್ರೆ, ಇನ್ ನಾ ಕಾಯಾಕಿಲ್ಲ ಕಣ್ ಪ್ರೇಮಮ್ಮ ಅಂದ್ಲು."